ಹುಳ ಹಣ್ಣಾದ ಭಾನುವಾರ

ಹೆಮ್ಮರಗಾಲದ ಆ ಬೀದಿಯಲ್ಲಿ ಶಿವನಂಜಮ್ಮನನ್ನು ಒಂದು ಮಾತು ಕೇಳದೆ ಯಾರೂ ಸಂಡಿಗೆಗೆ ಹಿಟ್ಟು ಬೇಯಿಸುತ್ತಿರಲಿಲ್ಲ. ಮದುವೆ ಮನೆಯವರು ಕೂಡ ಚಪ್ಪರಕ್ಕೆ ತಗಡು ಹೊದಿಸಬೇಕೋ ತೆಂಗಿನ ಗರಿ ಸಾಕೋ ಎಂದು ಬಂದು ವಿಚಾರಿಸುತ್ತಿದ್ದರು. ಅವಳು ಆಕಾಶದ ಕಡೆ ತಲೆ ಎತ್ತುತ್ತಲೇ ಇರಲಿಲ್ಲ. ಹಿತ್ತಲಿನ ಹುಳದ ಮನೆಗೆ ಹೋಗಿ, ತನ್ನ ರೇಷ್ಮೆಹುಳಗಳ ಮುಂದೆ ಒಂದು ನಿಮಿಷ ನಿಂತು, ಅವು ಸೊಪ್ಪು ತಿನ್ನುವ ಸದ್ದಿಗೆ ಕಿವಿಗೊಟ್ಟು ಹೊರಗೆ ಬಂದು, "ನಾಳಿದ್ದಿನ ಗಂಟ ಮಳೆ ಇಲ್ಲ, ಬೇಯ್ಸೋಗು" ಎನ್ನುತ್ತಿದ್ದಳು. ಹಾಗೆಯೇ ಆಗುತ್ತಿತ್ತು. ಹುಳಕ್ಕೂ ಮೋಡಕ್ಕೂ ಏನು ನಂಟು ಎಂದು ಕೇಳಬೇಡಿ, ಕೇಳಿದವರಿಗೆ ಅವಳೂ ಉತ್ತರ ಹೇಳಿದ್ದಿಲ್ಲ.

ವಯಸ್ಸು ನಲವತ್ತೇಳು. ಮದುವೆಯಾಗಿ ಬಂದ ವರ್ಷವೇ ಹುಳದ ಮನೆ ಅವಳ ಕೈಗೆ ಬಂತು. ಒಂದು ಎಕರೆ ಹಿಪ್ಪುನೇರಳೆ ತೋಟ, ಹೆಂಚು ಹೊದಿಸಿದ ಉದ್ದನೆಯ ಹುಳದ ಮನೆ, ವರ್ಷಕ್ಕೆ ಆರು ಬೆಳೆ, ಒಮ್ಮೊಮ್ಮೆ ಏಳು. ಗಂಡ ಮಹಾದೇವಸ್ವಾಮಿ ಸೊಪ್ಪು ಕೊಯ್ದು ತಂದು ಬಾಗಿಲಿಗೆ ಹಾಕಿದರೆ ಮುಗಿಯಿತು, ಆಮೇಲಿನದ್ದೆಲ್ಲ ಅವಳದ್ದೇ ಆಡಳಿತ. ಹುಳ ಸಾಕುವುದೆಂದರೆ ಮನೆಯಲ್ಲಿ ಎಳೆಗೂಸು ಇದ್ದಂತೆ. ಹೊತ್ತು ಹೊತ್ತಿಗೆ ಸೊಪ್ಪು ಬೇಕು, ಗಾಳಿ ಬೇಕು, ಆದರೆ ಜೋರು ಗಾಳಿ ಕೂಡದು. ಮಲ್ಲಿಗೆ ಮುಡಿದವರು ಒಳಗೆ ಬರುವಂತಿಲ್ಲ, ಸೆಂಟು ಹಾಕಿದವರಂತೂ ಬೀದಿಯಿಂದಲೇ ವಾಪಸ್ಸು. ಈ ಕಾರಣಕ್ಕೆ ಶಿವನಂಜಮ್ಮ ತಂಗಿಯ ಸೀಮಂತಕ್ಕೆ ಹೋಗಲಿಲ್ಲ, ಅಣ್ಣನ ಗೃಹಪ್ರವೇಶಕ್ಕೆ ಹೋಗಲಿಲ್ಲ. ಒಮ್ಮೆ ದವಡೆ ಊದಿಕೊಂಡಾಗ ಹುಳ ಗೂಡು ಕಟ್ಟುವ ತನಕ ಒಂದು ವಾರ ಲವಂಗ ಕಚ್ಚಿಕೊಂಡೇ ಕಾಲ ಹಾಕಿದಳು, ಹಲ್ಲಿನ ಡಾಕ್ಟರ ಹತ್ತಿರ ಹೋಗಲಿಲ್ಲ. ಇದಕ್ಕೆಲ್ಲ ಅವಳಿಗೆ ಅಂಥ ದುಃಖವೇನೂ ಇರಲಿಲ್ಲ. ದುಃಖವಿದ್ದದ್ದು ಒಂದೇ ವಿಷಯಕ್ಕೆ.

ಮಗಳು ಲಿಖಿತಾ ಕಬಡ್ಡಿ ಆಡುತ್ತಾಳೆ. ನಂಜನಗೂಡಿನ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಎ. ಆರನೇ ಕ್ಲಾಸಿನಿಂದಲೂ ಆಟ, ಈಗ ಕಾಲೇಜು ತಂಡದ ಮುಖ್ಯ ರೈಡರ್. ಅವಳ ಆಟವನ್ನು ಊರಿನ ಅರ್ಧ ಜನ ನೋಡಿದ್ದಾರೆ, ಹಾಲಿನ ಡೇರಿಯ ಕಾರ್ಯದರ್ಶಿ ನೋಡಿದ್ದಾನೆ, ಬಸ್ಸಿನ ಕಂಡಕ್ಟರ್ ನೋಡಿದ್ದಾನೆ. ಹೆತ್ತ ತಾಯಿ ಮಾತ್ರ ಒಂದು ಸಲವೂ ನೋಡಿಲ್ಲ. ಪ್ರತಿ ಸಲ ಪಂದ್ಯವೂ ಹುಳವೂ ಒಂದೇ ವಾರಕ್ಕೆ ಬಂದು ಕೂರುತ್ತಿದ್ದವು.

ಈ ಸಲ ಹಾಗಾಗಬಾರದೆಂದು ಶಿವನಂಜಮ್ಮ ಮೊದಲೇ ಲೆಕ್ಕ ಹಾಕಿದಳು. ಏಪ್ರಿಲ್ ತಿಂಗಳ ಒಂದು ಭಾನುವಾರ ತಿ. ನರಸೀಪುರದಲ್ಲಿ ಹೆಣ್ಣುಮಕ್ಕಳ ಅಂತರ ಕಾಲೇಜು ಕಬಡ್ಡಿ, ಲಿಖಿತಾಳ ತಂಡ ಫೈನಲಿಗೆ ಬಂದಿದೆ ಎಂದು ಗೊತ್ತಾದದ್ದೇ ತಡ, ಕ್ಯಾಲೆಂಡರ್ ಇಳಿಸಿಕೊಂಡು ಹಿಂದಕ್ಕೆ ದಿನ ಎಣಿಸಿದಳು. ಗುರುವಾರ ಹುಳ ಹಣ್ಣಾಗಬೇಕು. ಹಣ್ಣಾಗುವುದೆಂದರೆ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು ನೂಲು ಬಿಡಲು ತಯಾರಾಗುವುದು. ಅವನ್ನು ಆಯ್ದು ಚಂದ್ರಿಕೆಯ ಮೇಲೆ, ಅಂದರೆ ಬಿದಿರಿನ ದೊಡ್ಡ ತಟ್ಟಿಯ ಮೇಲೆ ಬಿಟ್ಟರೆ ಆಮೇಲೆ ಗೂಡು ಕಟ್ಟುವುದು ಅವುಗಳ ಪಾಡು. ಭಾನುವಾರ ತಾನು ಬಸ್ಸಿನಲ್ಲಿರಬಹುದು. ಈ ಲೆಕ್ಕಕ್ಕೆ ಸರಿಯಾಗಿ ಮರಿಹುಳ ತರಿಸಿದಳು. ಬೀರುವಿನಿಂದ ನವಿಲುಬಣ್ಣದ ಸೀರೆ ತೆಗೆದು ಒಂದು ಸಲ ಇಸ್ತ್ರಿಯನ್ನೂ ಮಾಡಿಸಿದಳು.

ಆಗ ತಂಡಿ ಬಿತ್ತು. ಯುಗಾದಿ ಕಳೆದ ಮೇಲೆ ನಮ್ಮ ಕಡೆ ಬಿಸಿಲೆಂದರೆ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಈ ವರ್ಷ ಮೋಡ ಕವಿದದ್ದು ಹತ್ತು ದಿನವಾದರೂ ಸರಿಯಲಿಲ್ಲ. ಬೆಳಿಗ್ಗೆ ತುಂತುರು, ಸಂಜೆ ಗಾಳಿ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಜನ ಸ್ವೆಟರ್ ಹಾಕಿಕೊಂಡು ನಿಂತಿದ್ದರು, ಎಳನೀರಿನವನು ಗಾಡಿಗೆ ಟಾರ್ಪಾಲು ಹೊದಿಸಿ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ. ಎಲ್ಲರಿಗೂ ಖುಷಿಯೋ ಖುಷಿ. ಹುಳಕ್ಕೆ ಮಾತ್ರ ಆಗಿಬರಲಿಲ್ಲ. ತಂಡಿಗೆ ಅವು ಮಂಕಾದವು, ಒಂದು ಹೊತ್ತಿನ ಸೊಪ್ಪನ್ನು ಎರಡು ಹೊತ್ತು ತಿಂದವು. ಗುರುವಾರ ಬಂತು, ಒಂದು ಹುಳವೂ ಹಣ್ಣಾಗಲಿಲ್ಲ.

ಆ ಸಂಜೆ ಮಹಾದೇವಸ್ವಾಮಿ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಹವಾಮಾನ ಓದಿದ. ಅವನಿಗೆ ಇದೊಂದು ಚಟ. ಪ್ರತಿ ಗುರುವಾರ ಸಂಜೆ ಶನಿವಾರ ಭಾನುವಾರದ ಮುನ್ಸೂಚನೆಯನ್ನು ವಾರ್ತೆ ಓದುವವರ ಗತ್ತಿನಲ್ಲಿ ಓದುತ್ತಿದ್ದ, ಕೇಳುವವರು ಇರಲಿ ಬಿಡಲಿ.

"ಶಿವನಂಜಿ, ಕೇಳಿಲ್ಲಿ. ಶನಿವಾರ ಮೋಡ ಸರೀತದಂತೆ. ಶನಿವಾರ ಮೂವತ್ತಾರು, ಭಾನುವಾರ ಮೂವತ್ತೆಂಟು."

"ಏನದು, ಟೊಮ್ಯಾಟೋ ರೇಟಾ?"

"ಬಿಸ್ಲು ಕಣೇ! ಈಗ್ಲೇ ಇದ್ದಲು ಒಲೆ ಇಟ್ಟು ಉಳದ್ ಮನೆ ಬೆಚ್ಗೆ ಮಾಡುದ್ರೆ ಶನಿವಾರ ಮಧ್ಯಾನ್ಕೆ ಅಣ್ಣಾಯ್ತವೆ. ಆಯ್ದು ಬುಟ್ಟು ಭಾನುವಾರ ನಿಶ್ಚಿಂತೆಯಾಗಿ ಓಗ್ಬೋದು. ಸುಮ್ನೆ ಬುಟ್ರೆ ಭಾನುವಾರದ್ ಬಿಸ್ಲಿಗೆ ಎಲ್ಲ ಒಟ್ಗೆ ಅಣ್ಣಾಗಿ ಕೂತ್ಕತ್ತವೆ, ಆಗ ನೀನೆಲ್ಲೋದೀಯೆ?"

"ನಿಮ್ ಮೊಬೈಲು ಯಾವತ್ತಾದ್ರೂ ಉಳ ಸಾಕದಾ? ಈ ತಂಡಿ ಮಂಗಳವಾರದ ಗಂಟ ಬುಡದಿಲ್ಲ. ಉಳ ಅಣ್ಣಾಗೋದು ಸೋಮವಾರ. ಭಾನುವಾರ ಆಟ ನೋಡ್ಕಂಡ್ ಬತ್ತೀನಿ, ಸೋಮವಾರ ಆಯ್ತೀನಿ. ಒಲೆಗಿಲೆ ಇಟ್ಟು ಒಗೆ ಎಬ್ಬುಸ್ಬೇಡಿ."

ಹೀಗೆ ಹೇಳಿ ರೂಢಿಯಂತೆ ಹುಳದ ಮನೆಗೆ ಹೋಗಿ ಕಿವಿಗೊಟ್ಟಳು. ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಹುಳ ತಿನ್ನುವ ಸದ್ದು ಆ ಸಂಜೆ ಬದಲಾಗಿತ್ತು. ಹತ್ತು ದಿನ ಸೋನೆಯಂತಿದ್ದದ್ದು ಬಿರುಸಾಗಿತ್ತು, ಹುಳಗಳು ಅವಸರದಲ್ಲಿ ತಿನ್ನುತ್ತಿದ್ದವು. ಬಿಸಿಲು ಹತ್ತಿರ ಬಂತು ಎನ್ನುವ ಗುರುತು ಅದು. ಶಿವನಂಜಮ್ಮ ಅದನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡು, ಇವತ್ತಿನ ಸೊಪ್ಪು ಎಳೆಯದು, ಅದಕ್ಕೇ ಹೀಗೆ ತಿನ್ನುತ್ತಿವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇಪ್ಪತ್ತು ವರ್ಷಕ್ಕೂ ಮೇಲಾಗಿ ಅವಳ ಲೆಕ್ಕ ತಪ್ಪದೇ ಇದ್ದದ್ದು ಅವಳಿಗೆ ಬಿಸಿಲಾದರೂ ಒಂದೇ ಮಳೆಯಾದರೂ ಒಂದೇ ಆಗಿದ್ದರಿಂದ. ಈ ಸಲ ತಂಡಿ ಸೋಮವಾರದವರೆಗೂ ಇರಲೇಬೇಕು ಎಂಬ ಆಸೆ ಹುಟ್ಟಿತ್ತು. ಆಸೆ ಹುಟ್ಟಿದ ಮೇಲೆ ಕಿವಿ ಸರಿಯಾಗಿ ಕೇಳಿಸುವುದು ಕಷ್ಟ. ಬೇಲಿಯ ಆಚೆಯಿಂದ ಪಕ್ಕದ ಮನೆಯ ಗೋವಿಂದಮ್ಮ ಸಂಡಿಗೆ ಬೇಯಿಸಲೇ ಎಂದು ಕೇಳಿದಾಗಲೂ, "ಬ್ಯಾಡ ಕಣಕ್ಕ, ಮಂಗಳವಾರದ ಗಂಟ ಬಿಸ್ಲಿಲ್ಲ" ಎಂದು ಧೈರ್ಯವಾಗಿ ಹೇಳಿಬಿಟ್ಟಳು.

ಶನಿವಾರ ಬೆಳಿಗ್ಗೆ ಏಳು ಗಂಟೆಗೆಲ್ಲ ಸೂರ್ಯ ತೊಳೆದಿಟ್ಟ ತಂಬಿಗೆಯಂತೆ ಹೊಳೆಯುತ್ತ ಮೇಲೆ ಬಂದ. ಒಂದು ಚೂರು ಮೋಡವಿಲ್ಲ. ಒಂಬತ್ತಕ್ಕೆ ಅಂಗಳದ ಕಲ್ಲು ಸುಡತೊಡಗಿತು.

"ಶಿವನಂಜವ್ವಾ," ಎಂದು ಗೋವಿಂದಮ್ಮ ಬೇಲಿಯ ಮೇಲೆ ಕೈಯೂರಿ ಕೂಗಿದಳು, "ನಿನ್ ಮೋಡ ಎಲ್ಲೋಯ್ತವ್ವಾ? ನಮ್ಮನೆ ಸಂಡಿಗೆ ಕೇಳ್ತಾವೆ!"

ಶಿವನಂಜಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹುಳದ ಮನೆಗೆ ನಡೆದಳು. ನಾನು ಹೇಳಿರಲಿಲ್ಲವೇ ಎನ್ನುವ ಒಂದು ಮಾತು ಮಹಾದೇವಸ್ವಾಮಿಯ ನಾಲಿಗೆಯ ತುದಿಯಲ್ಲಿ ಇಡೀ ದಿನ ಕುಣಿಯುತ್ತಿದ್ದರೂ ಅದನ್ನು ನುಂಗಿಕೊಂಡದ್ದು ಅವನ ದೊಡ್ಡತನ. ಹತ್ತು ಗಂಟೆಗೆ ಲಿಖಿತಾ ಬ್ಯಾಗು ಹೆಗಲಿಗೇರಿಸಿ ಹೊರಟಳು. ತಂಡದವರೆಲ್ಲ ಆ ದಿನವೇ ನರಸೀಪುರಕ್ಕೆ ಹೋಗಿ ಗೆಳತಿಯೊಬ್ಬಳ ಮನೆಯಲ್ಲಿ ಉಳಿಯುವುದಿತ್ತು.

"ಅವ್ವ, ನಾಳೆ ಅನ್ನೊಂದೂವರೆಗೆ ಆಟ. ಬತ್ತೀಯ ಅಲ್ವ?"

"ಬತ್ತೀನಿ ಕಣೇ, ಓಗು."

"ಆಗ್ನಿಲ್ಲ ಅಂದ್ರೂ ಪರ್ವಾಗಿಲ್ಲ ಬುಡವ್ವ," ಎಂದು ಲಿಖಿತಾ ನಗುತ್ತಲೇ ಹೇಳಿ ಬಸ್ಸಿಗೆ ಓಡಿದಳು. ಸಿಟ್ಟು ಮಾಡಿಕೊಂಡಿದ್ದರೆ ಶಿವನಂಜಮ್ಮ ತಡೆದುಕೊಳ್ಳುತ್ತಿದ್ದಳು. ಆ ನಗುವನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಭಾನುವಾರ ಬೆಳಕು ಹರಿಯುವಾಗ ಹುಳದ ಮನೆಯ ಬಾಗಿಲು ತೆಗೆದರೆ ಸದ್ದೇ ಇಲ್ಲ. ತಿನ್ನುವುದು ನಿಂತಿತ್ತು. ಬೆಳ್ಳಗಿದ್ದ ಹುಳಗಳ ಮೈ ಬೆಲ್ಲದ ನೀರಿನ ಬಣ್ಣಕ್ಕೆ ತಿರುಗಿತ್ತು, ಎಲ್ಲವೂ ತಲೆ ಎತ್ತಿ ಅತ್ತಿತ್ತ ಆಡಿಸುತ್ತ ನೂಲು ಬಿಡಲು ಜಾಗ ಹುಡುಕುತ್ತಿದ್ದವು. ನೂರು ಚಿಟ್ಟೆ ಇಟ್ಟ ಮೊಟ್ಟೆಗಳ ಹುಳ, ನಲವತ್ತು ಸಾವಿರಕ್ಕೂ ಮೇಲೆ. ಮಧ್ಯಾಹ್ನದೊಳಗೆ ಒಂದೊಂದನ್ನೂ ಕೈಯಲ್ಲಿ ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಡ್ಡಿಯ ಮೇಲೆಯೇ ನೂಲು ಸುತ್ತಿಕೊಂಡು ಇಡೀ ಬೆಳೆ ಕೆಟ್ಟುಹೋಗುತ್ತದೆ. ಗಂಡ ಹೆಂಡತಿ ಇಬ್ಬರೇ ಆಯ್ದರೆ ಸಂಜೆ ದೀಪ ಹಚ್ಚುವ ಹೊತ್ತು.

"ನಾನು ಓಗಕಿಲ್ಲ ಬುಡಿ," ಎಂದು ಶಿವನಂಜಮ್ಮ ಸೆರಗು ಸಿಕ್ಕಿಸಿ ಕೂತಳು. ಕಣ್ಣಲ್ಲಿ ನೀರಿತ್ತು. ಅದು ಹುಳದ ಮೇಲೆ ಬೀಳಬಾರದೆಂದು ಭುಜಕ್ಕೆ ಒರೆಸಿಕೊಂಡಳು.

ಅಷ್ಟರಲ್ಲಿ ಅಂಗಳದಲ್ಲಿ ಕೆಮ್ಮು ಕೇಳಿಸಿತು. ನೋಡಿದರೆ ಗೋವಿಂದಮ್ಮ, ಟ್ರ್ಯಾಕ್ಟರ್ ಓಡಿಸುವ ನಿಂಗರಾಜು, ಅವನ ಹೆಂಡತಿ ದೊಡ್ಡಮ್ಮ, ಇನ್ನೂ ಎಂಟು ಜನ, ಎಲ್ಲರೂ ಕೈಕಾಲು ತೊಳೆದುಕೊಂಡು ಸಾಲಾಗಿ ನಿಂತಿದ್ದಾರೆ. ಹೆಂಗಸರ ತಲೆಯಲ್ಲಿ ಒಂದು ಎಸಳು ಹೂವಿಲ್ಲ.

ನಮ್ಮ ಕಡೆ ಹುಳ ಹಣ್ಣಾದಾಗ ಮುಯ್ಯಾಳು ಹೋಗುವುದುಂಟು. ಇವತ್ತು ನಿಮ್ಮ ಮನೆಗೆ ನಾವು, ಮುಂದಿನ ತಿಂಗಳು ನಮ್ಮ ಮನೆಗೆ ನೀವು. ಶಿವನಂಜಮ್ಮ ಊರವರ ಮನೆಗೆಲ್ಲ ಹೋಗಿ ಆಯ್ದು ಕೊಟ್ಟಿದ್ದಳು, ಆದರೆ ತನ್ನ ಮನೆಗೆ ಯಾರನ್ನೂ ಕರೆದವಳಲ್ಲ. ಬೇರೆಯವರು ಹುಳವನ್ನು ಹಿಸುಕುತ್ತಾರೆ, ಬೇರೆಯವರ ಕೈ ಬಿರುಸು, ಬೇರೆಯವರಿಗೆ ಹಣ್ಣು ಯಾವುದು ಕಾಯಿ ಯಾವುದು ಗೊತ್ತಾಗುವುದಿಲ್ಲ. ಇದು ಅವಳ ಒಳಗಿನ ಮಾತು. ಊರಿಗೆಲ್ಲ ಗೊತ್ತಿದ್ದ ಒಳಗಿನ ಮಾತು.

"ಯಾರು ಕರೆದ್ರು ಇವ್ರನ್ನ?" ಎಂದು ಗಂಡನ ಕಡೆ ತಿರುಗಿದಳು.

"ನಾನೇ. ಗುರುವಾರನೇ ಏಳಿದ್ದೆ ಎಲ್ಲಾರ್ಗೂ," ಎಂದ ಮಹಾದೇವಸ್ವಾಮಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು.

ಬೈಯಲು ಬಾಯಿ ತೆರೆದವಳಿಗೆ ಮೊದಲು ಸಿಕ್ಕಿದ್ದು ನಿಂಗರಾಜು. "ನೀನ್ ಮಾತ್ರ ಒಳೀಕೆ ಬರ್ಬ್ಯಾಡ ಕಣಪ್ಪ. ಒಗೆಸೊಪ್ಪು ಮುಟ್ದ ಕೈ ನಿಂದು, ಉಳಕ್ಕೆ ಆಗದಿಲ್ಲ."

"ಮೂರ್ ಸಲ ಸೋಪಾಕಿ ತೊಳ್ದಿವ್ನಿ ಕಣಕ್ಕ. ಬೇಕಾರೆ ಮೂಸ್ ನೋಡು," ಎಂದು ನಿಂಗರಾಜು ಎರಡೂ ಕೈ ಚಾಚಿದ. ಶಿವನಂಜಮ್ಮ ನಿಜವಾಗಿಯೂ ಬಗ್ಗಿ ಮೂಸಿದಳು. ಮೂಸಿ, ಪಕ್ಕದವರ ಕೈಗೂ ಮೂಗು ಒಡ್ಡಿದಳು.

"ಇಪ್ಪತ್ತು ವರ್ಷ ನಮ್ಮನೆ ಉಳ ಆಯ್ದಿದ್ದೀಯಲ್ಲ," ಎಂದಳು ಗೋವಿಂದಮ್ಮ, "ಒಂದ್ ದಿನನಾರ ನಾನು ನಿನ್ ಕೈ ಮೂಸ್ದೆನೇನವ್ವ?"

ಎಲ್ಲರೂ ಗೊಳ್ಳೆಂದು ನಕ್ಕರು. ಶಿವನಂಜಮ್ಮನ ಮುಖ ಕೆಂಪಗಾಯಿತು, ಆಮೇಲೆ ಅವಳೂ ನಕ್ಕಳು. ದಾರಿ ಬಿಟ್ಟು ಪಕ್ಕಕ್ಕೆ ನಿಂತಳು.

ಹನ್ನೊಂದು ಜನ ಒಳಗಿಳಿದರೆ ಕೆಲಸ ನೋಡಬೇಕು! ತಟ್ಟೆ ತುಂಬಿದಂತೆ ಚಂದ್ರಿಕೆಗೆ, ಚಂದ್ರಿಕೆ ತುಂಬಿದಂತೆ ಹೊರಗಿನ ಚಪ್ಪರದ ನೆರಳಿಗೆ. ಶಿವನಂಜಮ್ಮ ಮಾತ್ರ ಒಬ್ಬೊಬ್ಬರ ಹಿಂದೆ ನಿಂತು ಹಿಸುಕಬೇಡಿ, ರಾಶಿ ಹಾಕಬೇಡಿ, ಅದು ಇನ್ನೂ ಕಾಯಿ ಕಣವ್ವ ಎಂದು ಜೀವ ತಿನ್ನುತ್ತಿದ್ದಳು. ಎಂಟು ಗಂಟೆಗೆ ಗೋವಿಂದಮ್ಮ ಅವಳ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ನೀನು ಇಲ್ಲಿದ್ರೆ ನಮ್ಗೆ ಕೆಲ್ಸ ಮಾಡೋಕಾಗದಿಲ್ಲ. ಸೀರೆ ಉಟ್ಕಂಡು ಬಸ್ ಅತ್ತು."

ನಂಜನಗೂಡಿಗೆ ಹೋಗುವ ಬಸ್ಸಿನಲ್ಲಿ ಜನ ಬೆವರು ಒರೆಸಿಕೊಳ್ಳುತ್ತ ಬಿಸಿಲನ್ನು ಬೈಯುತ್ತಿದ್ದರು, ಮೊನ್ನೆಯವರೆಗೆ ತಂಡಿಯನ್ನು ಹೊಗಳಿದ ಬಾಯಲ್ಲೇ. ಶಿವನಂಜಮ್ಮ ದಾರಿಯುದ್ದಕ್ಕೂ ನಾಲ್ಕು ಸಲ ಮನೆಗೆ ಫೋನು ಮಾಡಿದಳು. ನಾಲ್ಕನೇ ಸಲ ದೊಡ್ಡಮ್ಮ ಎತ್ತಿಕೊಂಡು, ಹುಳ ಹಿಡಿದ ಕೈಯಲ್ಲಿ ಫೋನು ಹಿಡಿಯಲಾಗುವುದಿಲ್ಲ ಎಂದು ಇಟ್ಟುಬಿಟ್ಟಳು.

ನಂಜನಗೂಡಿನಲ್ಲಿ ಬಸ್ಸು ಬದಲಿಸಬೇಕು. ನರಸೀಪುರದ ಬಸ್ಸು ಹೊರಡುವುದರಲ್ಲಿತ್ತು. ಅದರ ಮಗ್ಗುಲಲ್ಲೇ ಹೆಮ್ಮರಗಾಲಕ್ಕೆ ವಾಪಸ್ಸು ಹೋಗುವ ಬಸ್ಸು, ಅದರ ಎಂಜಿನ್ನೂ ಗುರುಗುಟ್ಟುತ್ತಿತ್ತು. ಶಿವನಂಜಮ್ಮ ಎರಡರ ನಡುವೆ ನಿಂತಳು. ಬಿಸಿಲು ನೆತ್ತಿ ಸುಡುತ್ತಿತ್ತು. ಚಪ್ಪರಕ್ಕೆ ಬಿಸಿಲು ತಿರುಗಿದರೆ ಚಂದ್ರಿಕೆ ಯಾರು ಸರಿಸುತ್ತಾರೆ? ಆ ಗಂಡಸಿಗೆ ಅಷ್ಟು ತೋಚುತ್ತದೆಯೇ? ಒಂದು ಕಾಲು ಊರಿನ ಬಸ್ಸಿನ ಕಡೆ ಎಳೆಯಿತು.

ಆಗ ನೆನಪಾದದ್ದು ಒಂದು ಸ್ಟೀಲ್ ಲೋಟ. ಲಿಖಿತಾ ಆರನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ಗೆದ್ದು ತಂದ ಬಹುಮಾನ. ಮೈತುಂಬ ಬೆವರು, ಧೂಳು. ಹಾಗೆ ಒಳಗೆ ಬರುವಂತಿಲ್ಲ ಎಂದು ಗೊತ್ತಿದ್ದ ಮಗು ಹುಳದ ಮನೆಯ ಹೊಸ್ತಿಲ ಆಚೆ ನಿಂತು ಲೋಟವನ್ನು ಮೇಲಕ್ಕೆತ್ತಿ ತೋರಿಸಿತ್ತು. ಇವಳು ತಲೆ ಎತ್ತದೆ "ಆಮೇಲೆ ನೋಡ್ತೀನಿ ಇರು" ಎಂದಿದ್ದಳು. ಆಮೇಲೆ ನೋಡಿದ್ದು ಎಂದೋ ಪಾತ್ರೆ ತೊಳೆಯುವಾಗ. ಎಂಟು ವರ್ಷದ ಹಿಂದಿನ ಮಾತು.

"ನರಸೀಪುರ, ನರಸೀಪುರ, ಅತ್ತಮ್ಮೋ!" ಎಂದು ಕಂಡಕ್ಟರ್ ಕೂಗಿದ. ಹತ್ತಿದಳು.

ಮೈದಾನ ತಲುಪುವ ಹೊತ್ತಿಗೆ ಆಟ ಶುರುವಾಗಿ ಅರ್ಧ ಮುಗಿದಿತ್ತು. ಜನರನ್ನು ಮೊಣಕೈಯಿಂದ ಸರಿಸಿಕೊಂಡು ಹಗ್ಗದ ಹತ್ತಿರ ಹೋಗಿ ನಿಂತಳು. ಆಟದ ಕಟ್ಟುಪಾಡು ಅವಳಿಗೆ ಒಂದೂ ತಿಳಿಯದು. ಯಾರು ಯಾವ ಕಡೆ, ಯಾರು ಎಷ್ಟು ಎಂದು ನೋಡಲೂ ಹೋಗಲಿಲ್ಲ. ಜಡೆಯನ್ನು ಸುತ್ತಿ ಕಟ್ಟಿಕೊಂಡು, ನೀಲಿ ಬನಿಯನ್ನು ತೊಟ್ಟು, ಏಳು ಹುಡುಗಿಯರ ಮಧ್ಯೆ ಒಬ್ಬಳೇ ನುಗ್ಗುತ್ತಿದ್ದ ತನ್ನ ಮಗಳನ್ನು ಕಂಡಳು. ಮನೆಯಲ್ಲಿ ಒಂದು ಬಿಂದಿಗೆ ನೀರು ತಾ ಎಂದರೆ ಕಾಲು ಎಳೆಯುವ ಹುಡುಗಿ ಇದೇನಾ? ಚಿಗರೆಯ ಹಾಗೆ ನೆಗೆಯುತ್ತಾಳೆ, ಒಬ್ಬಳನ್ನು ಮುಟ್ಟಿ ಇನ್ನೊಬ್ಬಳ ಕೈಯಿಂದ ಜಾರಿ ಗೆರೆ ದಾಟಿ ಬಿದ್ದು, ಎದ್ದು, ಮಣ್ಣು ಕೊಡವಿಕೊಂಡು ನಗುತ್ತಾಳೆ. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಇಂಥದ್ದಾ ಎಂದು ಬೆರಗಾದ ಶಿವನಂಜಮ್ಮ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ತೋಳು ಹಿಡಿದು, "ನನ್ ಮಗ್ಳು, ನನ್ ಮಗ್ಳು ಕಣವ್ವ ಅದು!" ಎಂದಳು. ಆಮೇಲೆ ತಡೆಯಲಾರದೆ ಗಂಟಲು ಬಿರಿಯುವಂತೆ ಕೂಗಿದಳು. "ಲಿಖಿತಾ! ಬುಡ್ಬ್ಯಾಡ ಕಣೇ!"

ಲಿಖಿತಾ ಆಗ ಎದುರಿನ ಅಂಗಳದಲ್ಲಿ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದಳು. ಆ ದನಿ ಕೇಳಿ ತಿರುಗಿದಳು. ನವಿಲುಬಣ್ಣದ ಸೀರೆ ಕಂಡಳು. ಕಬಡ್ಡಿ ಎನ್ನಬೇಕಾದ ಬಾಯಿ "ಅವ್ವ!" ಎಂದುಬಿಟ್ಟಿತು.

ಉಸಿರು ತಪ್ಪಿತು. ಅಂಪೈರು ಸೀಟಿ ಊದಿದ. ಔಟ್. ಜನ ಹೋ ಎಂದು ನಕ್ಕರು, ಕೋಚ್ ಹಣೆ ಚಚ್ಚಿಕೊಂಡ. ಶಿವನಂಜಮ್ಮ ಜೋರಾಗಿ ಚಪ್ಪಾಳೆ ತಟ್ಟಿದಳು. ಆಮೇಲೆ ಕೂಡ ಲಿಖಿತಾ ಒಳಗೆ ಬಂದು ಆಡಿದ ಆಟವನ್ನು ಆ ಮೈದಾನ ಬೇಗ ಮರೆಯುವುದಿಲ್ಲ. ಚೀಲದೊಳಗೆ ಮೊಬೈಲು ಎಷ್ಟು ಸಲ ಬಡಿದುಕೊಂಡಿತೋ, ಹುಳವೆಲ್ಲ ಚಂದ್ರಿಕೆಗೆ ಏರಿತು ಎಂದು ಹೇಳಲು ಮಹಾದೇವಸ್ವಾಮಿ ಎಷ್ಟು ಪರದಾಡಿದನೋ, ಶಿವನಂಜಮ್ಮನಿಗೆ ಒಂದೂ ಕೇಳಿಸಲಿಲ್ಲ.

ಕೊನೆಯ ಸೀಟಿ ಆದ ಮೇಲೆ ಒಂದು ಕಡೆಯವರು ಕುಣಿದರು, ಇನ್ನೊಂದು ಕಡೆಯವರು ಮಣ್ಣಿನಲ್ಲಿ ಕೂತರು. ಲಿಖಿತಾ ಬೆವರು ಸುರಿಸುತ್ತ, ಕುಂಟುತ್ತ ಬಂದು ತಾಯಿಯ ಮುಂದೆ ನಿಂತಳು. ಶಿವನಂಜಮ್ಮ ಅವಳನ್ನು ಮಣ್ಣು ಬೆವರಿನ ಸಮೇತ ಬಾಚಿ ತಬ್ಬಿಕೊಂಡಳು. ಸೀರೆಯ ಇಸ್ತ್ರಿ ಅಲ್ಲಿಗೆ ಮುಗಿಯಿತು.

"ಏನ್ ಆಡ್ದೆ ಕಣೇ! ಏನ್ ಆಡ್ದೆ! ಗೆದ್ದುಬುಟ್ರಲ್ಲ!"

"ಅವ್ವ, ನಾವು ಸೋತ್ವಿ." ಲಿಖಿತಾ ಮೊಣಕೈಯ ಮಣ್ಣು ಒರೆಸಿಕೊಂಡಳು. "ಒಂದೇ ಒಂದ್ ಪಾಯಿಂಟಲ್ಲಿ. ನಿನ್ನ ನೋಡಿ ಉಸ್ರು ಬುಟ್ನಲ್ಲ, ಅದೇ ಪಾಯಿಂಟು."

ಶಿವನಂಜಮ್ಮ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ನಿಜವಾಗಿಯೂ ಆಶ್ಚರ್ಯಪಟ್ಟು, "ಸೋತ್ರಾ? ನಂಗೊತ್ತಾಗ್ನೇ ಇಲ್ಲ ಕಣವ್ವ," ಎಂದಳು. "ನಾನು ಆಟ ಎಲ್ಲಿ ನೋಡ್ದೆ? ನಿನ್ನೇ ನೋಡ್ತಿದ್ದೆ."